ಒಂಬತ್ತು ಮೀಟರ್ ಕೋರ್, ಮೂರು ಬಗೆಯ ಮರಳು: ಒಂದು ಪ್ರಕರಣ ಅಧ್ಯಯನ

ಪುಷ್ಯ ಮಳೆ ಹಿಡಿದು ಕೂತಿದ್ದ ವಾರ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದಳು. ಶಿವಮೊಗ್ಗದಲ್ಲಿ ನಾನು ಭೂವಿಜ್ಞಾನ ಹೇಳಿಕೊಡುತ್ತಿದ್ದಾಗ ಎಂ.ಎಸ್ಸಿ. ಓದಿದವಳು. ಊರು ಹೊಸನಗರದ ಕಡೆ. ಈಗ ಹೊರ ರಾಜ್ಯದಲ್ಲಿ, ತೈಲ ಬಾವಿಗಳ ಕಲ್ಲು ನೋಡುವ ಕೆಲಸ.

‘ಮೇಡಂ, ಇದನ್ನೊಂದು ಸ್ವಲ್ಪ ನೋಡಿ. ನಂಗ್ಯಾಕೋ ಸರಿ ಅನ್ನಿಸ್ತಿಲ್ಲ’ ಅಂದಳು.

ಅವಳ ಹತ್ತಿರ ಇದ್ದದ್ದು ಒಂದು ಬಾವಿಯಿಂದ ತೆಗೆದ ಒಂಬತ್ತು ಮೀಟರ್ ಕೋರ್‌ನ ಫೋಟೋಗಳು. ಕೋರ್ ಅಂದರೆ ಕೊರೆಯುವಾಗ ಉದ್ದಕ್ಕೆ ಕೊಳವೆಯ ಹಾಗೆ ಎತ್ತಿದ ಕಲ್ಲು. ಮೀಟರಿಗೊಂದು ಪೆಟ್ಟಿಗೆಯಂತೆ ಒಂಬತ್ತು ಪೆಟ್ಟಿಗೆ. ಜೊತೆಗೆ ಕೆಲವು ವರ್ಷ ಹಿಂದೆ ಬೇರೆ ಯಾರೋ ಬರೆದ ವರದಿ. ಯಾವ ಬಾವಿ, ಯಾವ ಜಾಗ ಅನ್ನುವುದು ಅವಳ ಕೆಲಸದ ಗುಟ್ಟು, ಹಾಗಾಗಿ ಇಲ್ಲೂ ಬರೆಯುವುದಿಲ್ಲ. ಅದು ಬಹಳ ಹಿಂದೆ ಮುಚ್ಚಿಹೋದ ಒಂದು ದೊಡ್ಡ ಸರೋವರದ ತಳ ಅನ್ನುವಷ್ಟು ಸಾಕು.

ಮೇಲೆ, ಕೆಳಗೆ, ನಡುನಡುವೆ ಕಪ್ಪು ಶೇಲ್, ಅಂದರೆ ಕೆಸರು ಗಟ್ಟಿಯಾಗಿ ಆದ ಕಲ್ಲು. ಅದರ ಮಧ್ಯೆ ಬೂದು ಮರಳುಗಲ್ಲಿನ ಪದರಗಳು. ಹಳೆಯ ವರದಿಯಲ್ಲಿ ಒಂಬತ್ತು ಮೀಟರಿಗೂ ಸೇರಿ ಒಂದೇ ಮಾತು: ‘ಟರ್ಬಿಡೈಟ್’, ಅಂದರೆ ಕಲಕಿದ ಕೆಸರು ನೀರು ಹೊತ್ತು ತಂದು ಹಾಕಿದ ಪದರ.

ಅವಳಿಗೆ ಒಪ್ಪಿಗೆಯಾಗದೇ ಇದ್ದದ್ದು ಆ ಒಂದು ಮಾತೇ.

ಈ ಹೆಸರಿನಿಂದ ಏನಾಗಬೇಕು ಅಂತ ಕೇಳಬಹುದು. ಆಗಬೇಕಾದ್ದು ಬಹಳ ಇದೆ. ಮರಳು ಹೇಗೆ ಬಂದು ಕೂತಿತು ಅನ್ನುವುದರ ಮೇಲೆ ಅದು ಎಲ್ಲಿಯವರೆಗೆ ಹರಡಿದೆ ಅನ್ನುವುದು ನಿಂತಿದೆ. ಕಲಕಿದ ನೀರಿನ ಜೊತೆ ಬಂದ ಮರಳು ತೆಳ್ಳಗೆ, ಚಾಪೆಯ ಹಾಗೆ ದೂರ ಹಾಸುತ್ತದೆ. ಜಾರಿ ಬಂದ ಮರಳು ಇಳಿಜಾರಿನ ಬುಡದಲ್ಲೇ ದಪ್ಪ ನಾಲಿಗೆಯಾಗಿ ನಿಂತುಬಿಡುತ್ತದೆ. ಹೊಳೆಯ ಪ್ರವಾಹವೇ ತಳ ಹಿಡಿದು ಬಂದಿದ್ದರೆ ಮರಳು ಆ ಹೊಳೆಯ ಬಾಯಿಯಿಂದ ಶುರುವಾಗಿ ದಾರಿಯುದ್ದಕ್ಕೂ ಸಿಗುತ್ತದೆ. ಮುಂದಿನ ಬಾವಿಯನ್ನು ಯಾವ ದಿಕ್ಕಿಗೆ ಕೊರೆಯಬೇಕು ಅನ್ನುವ ಪ್ರಶ್ನೆಗೆ ಈ ಮೂರರಿಂದ ಮೂರು ಬೇರೆ ಉತ್ತರ ಬರುತ್ತದೆ.

ಮೊದಲು ಕೇಳಬೇಕಾದ್ದನ್ನು ಮೊದಲು ಕೇಳಿದೆ. ‘ಇದು ಆಳದ ಸರೋವರ ಅಂತ ಹೇಗೆ ಗೊತ್ತು?’

ಅವಳು ಶೇಲ್‌ನ ಫೋಟೋ ತೆಗೆದಳು. ಕಾಗದದಷ್ಟು ತೆಳ್ಳಗಿನ ಗೆರೆಗಳು, ಒಂದೂ ಕದಡಿಲ್ಲ. ಹುಳು ಕೊರೆದ ತೂತಿಲ್ಲ. ಬೇರಿನ ಗುರುತಿಲ್ಲ, ಒಣಗಿ ಬಿರಿದ ಮಣ್ಣಿನ ಗುರುತಿಲ್ಲ. ಒಂದೆರಡು ಕಡೆ ಮೀನಿನ ಹುರುಪೆ. ಮರಳಿನಲ್ಲೂ ಅಲೆ ಹೊಡೆದು ಮೂಡುವ ಎರಡೂ ಕಡೆ ಸಮನಾದ ಏರಿಳಿತ ಎಲ್ಲೂ ಇರಲಿಲ್ಲ. ತಳದಲ್ಲಿ ಗಾಳಿಯಾಡದೆ ಹುಳುಗಳಿಗೆ ಬದುಕಲಾಗದಂಥ ಜಾಗ ಅದು. ಆಳ ಅಂದರೆ ಇಷ್ಟು ಅಡಿ ಅಂತ ಲೆಕ್ಕ ಕೊಡುವುದಕ್ಕಾಗುವುದಿಲ್ಲ. ಅಲೆಯ ಕೈಗೆ ಸಿಗದ ಜಾಗ ಅಂತ ಅರ್ಥ. ಸರೋವರದ ಅಲೆ ಸಮುದ್ರದ ಅಲೆಯಷ್ಟು ಕೆಳಕ್ಕೆ ಮುಟ್ಟುವುದಿಲ್ಲ. ಆದ್ದರಿಂದ ಕೆಲವು ಹತ್ತು ಮೀಟರ್ ನೀರಿದ್ದರೂ ಅದು ಈ ಅರ್ಥದಲ್ಲಿ ‘ಆಳ’ವೇ.

ಸರಿ, ಆಳ ಒಪ್ಪಿದೆ. ಹಾಗಾದರೆ ಅಷ್ಟು ದೂರಕ್ಕೆ ಮರಳು ಹೇಗೆ ಹೋಯಿತು?

ನಮ್ಮ ಕಡೆಯವರಿಗೆ ಈ ಪ್ರಶ್ನೆ ಸುಲಭವಾಗಿ ಅರ್ಥವಾಗುತ್ತದೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಕಟ್ಟಿದ ಮೇಲೆ ನಮಗೂ ಒಂದು ದೊಡ್ಡ ಸರೋವರ ಬಂತಲ್ವಾ. ಮಳೆಗಾಲದಲ್ಲಿ 1819 ಅಡಿ ತುಂಬುತ್ತದೋ ಇಲ್ಲವೋ ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆ ಕಾಣುತ್ತದೆ. ಆ ಹೊತ್ತಿಗೆ ಹಿನ್ನೀರಿನ ಅಂಚಿನಲ್ಲಿ ನಡೆದುಕೊಂಡು ಹೋದರೆ, ಹಳ್ಳ ಬಂದು ಸೇರುವ ಕಡೆ ಮರಳು ಬೀಸಣಿಗೆಯ ಹಾಗೆ ಹರಡಿರುತ್ತದೆ. ಅಲ್ಲಿಂದ ಒಳಕ್ಕೆ ಹೋದ ಹಾಗೆ ಬರೀ ಹೂಳು. ಹರಿವ ನೀರು ನಿಂತ ನೀರನ್ನು ಮುಟ್ಟಿದ ಕೂಡಲೇ ಮರಳನ್ನು ಕೈಬಿಡುತ್ತದೆ. ಹಾಗಿದ್ದ ಮೇಲೆ ಸರೋವರದ ನಡುವಿನಲ್ಲಿ, ಕಪ್ಪು ಕೆಸರಿನ ಮೇಲೆ, ಎರಡು ಮೀಟರ್ ದಪ್ಪದ ಮರಳು ಕೂರಬೇಕಾದರೆ ಅದನ್ನು ಹೊತ್ತುಕೊಂಡು ಹೋದದ್ದು ಸಾಮಾನ್ಯ ಹರಿವು ಆಗಿರಲಿಕ್ಕಿಲ್ಲ.

ಟರ್ಬಿಡೈಟ್ ಅನ್ನುವ ಉತ್ತರಕ್ಕೆ ದೊಡ್ಡ ಹಿನ್ನೆಲೆ ಇದೆ. 1950ರಲ್ಲಿ ಕ್ಯೂನೆನ್ ಮತ್ತು ಮಿಗ್ಲಿಯೋರಿನಿ, ಕೆಸರು ಕಲಕಿದ ಭಾರದ ನೀರು ಇಳಿಜಾರಿನಲ್ಲಿ ನುಗ್ಗಿ ಹೋಗಿ ದಪ್ಪ ಕಣ ಕೆಳಗೆ, ಸಣ್ಣ ಕಣ ಮೇಲೆ ಆಗುವ ಹಾಗೆ ಪದರ ಹಾಕುತ್ತದೆ ಅಂತ ತೋರಿಸಿದರು. 1962ರಲ್ಲಿ ಆರ್ನಾಲ್ಡ್ ಬೌಮಾ ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ಕಲ್ಲು ನೋಡಿ, ಅಂಥ ಪದರಕ್ಕೆ ಕೆಳಗಿನಿಂದ ಮೇಲಕ್ಕೆ ಐದು ಭಾಗ ಅಂತ ಗುರುತಿಸಿದರು. ಅಡಿಯಲ್ಲಿ ಗೆರೆಯಿಲ್ಲದ ಮರಳು, ಅದರ ಮೇಲೆ ನೇರ ಗೆರೆ, ಆಮೇಲೆ ಸಣ್ಣ ಅಲೆಗೆರೆ, ಆಮೇಲೆ ಮಸುಕು ಗೆರೆಯ ನುಣುಪು ಹೂಳು, ಕೊನೆಗೆ ಕೆಸರು. ನಾವೆಲ್ಲ ಓದಿದ್ದೂ ಅದನ್ನೇ, ಪಾಠ ಮಾಡಿದ್ದೂ ಅದನ್ನೇ. ಶಿವಮೊಗ್ಗದಿಂದ ರಾಣೆಬೆನ್ನೂರಿನ ಕಡೆ ಹೋಗುವಾಗ ಸಿಗುವ 250 ಕೋಟಿ ವರ್ಷಕ್ಕೂ ಹಳೆಯ ಗ್ರೇವ್ಯಾಕ್ (ಕೆಸರು ಬೆರೆತ ಮರಳುಗಲ್ಲು) ಕಲ್ಲುಗಳಲ್ಲಿ ನಮ್ಮ ವಿದ್ಯಾರ್ಥಿಗಳು ಹುಡುಕುವುದೂ ಅದನ್ನೇ. ಆದರೆ ಈ ಮಾದರಿ ಹುಟ್ಟಿದ್ದು ಸಮುದ್ರದ ಕಲ್ಲುಗಳಿಂದ. ಅದನ್ನು ಹಾಗೆಯೇ ಎತ್ತಿ ಸರೋವರಕ್ಕೆ ಹಾಕಿದರೆ ಎಲ್ಲೋ ಒಂದು ಕಡೆ ತೊಡಕಾಗುತ್ತದೆ.

ಹಳೆಯ ವರದಿಯಲ್ಲಿ ಕೆಳಗಿನ ದಪ್ಪ ಪದರಕ್ಕೆ ‘ಗ್ರೇಡಿಂಗ್ ಇದೆ’ ಅಂತ ಬರೆದಿತ್ತು. ಅಂದರೆ ಕಣ ಮೇಲಕ್ಕೆ ಹೋದ ಹಾಗೆ ಸಣ್ಣದಾಗಿದೆ ಅಂತ. ಫೋಟೋದಲ್ಲೂ ಹಾಗೇ ಕಾಣುತ್ತಿತ್ತು. ಕೆಳಗೆ ಗಾಢ, ಮೇಲೆ ತಿಳಿ. ನಾನು ಆ ಫೋಟೋವನ್ನು ಬಹಳ ಹೊತ್ತು ನೋಡಿದೆ. ಆಮೇಲೆ ಕೇಳಿದೆ: ‘ಲೆನ್ಸ್ ಹಿಡಿದು ಕಣ ನೋಡಿದವರು ಯಾರು?’

ಅವಳು ವರದಿ ತಿರುವಿದಳು. ಕಣಗಾತ್ರದ ಕೋಷ್ಟಕ ಇರಲಿಲ್ಲ. ಏಳು ಮಾದರಿಗಳ ಒಂದು ಸಿ-ಎಂ ನಕ್ಷೆ ಮಾತ್ರ ಇತ್ತು. 1957ರಲ್ಲಿ ಪಾಸೆಗಾ ಕೊಟ್ಟ ನಕ್ಷೆ ಅದು. ಅತಿ ದಪ್ಪ ಕಣದ ಅಳತೆಯನ್ನು ಮಧ್ಯಮ ಅಳತೆಗೆ ಎದುರಾಗಿಟ್ಟು ನೋಡುವುದು. ಏಳೂ ಚುಕ್ಕೆ ಟರ್ಬಿಡೈಟ್‌ನ ಪಟ್ಟಿಯೊಳಗೆ ಬಿದ್ದಿದ್ದವು. ಆ ನಕ್ಷೆಯೊಂದರ ಮೇಲೆಯೇ ತೀರ್ಪು ಕೊಡುವುದು ನನಗೆ ಒಪ್ಪಿಗೆಯಿಲ್ಲ. ದಡದ ಡೆಲ್ಟಾದಲ್ಲಿ ಆಗಲೇ ಜರಡಿ ಹಿಡಿದ ಹಾಗೆ ಬೇರೆಯಾದ ಮರಳು ಜಾರಿಕೊಂಡು ಹೋಗಿ ಆಳದಲ್ಲಿ ಕೂತರೂ ಕಣ ಅದೇ ಇರುತ್ತದೆ. ಕಣ ತನ್ನ ತವರಿನ ಗುರುತನ್ನೇ ಹೇಳುತ್ತದೆ, ಪ್ರಯಾಣದ ಕತೆಯನ್ನು ಅಷ್ಟಾಗಿ ಹೇಳುವುದಿಲ್ಲ.

ರಜೆ ಇನ್ನೂ ನಾಲ್ಕು ದಿನ ಇತ್ತು. ಕೋರ್ ಇರುವ ಉಗ್ರಾಣಕ್ಕೆ ಅವಳು ವಾಪಸ್ ಹೋಗುವ ತನಕ ಫೋಟೋದಿಂದ ಹೆಚ್ಚು ಹೇಳುವುದಕ್ಕಾಗುತ್ತಿರಲಿಲ್ಲ. ಆದರೆ ನಮ್ಮ ಹಿತ್ತಿಲಲ್ಲಿ ನೋಡುವಂಥದ್ದು ಇತ್ತು. ಎಂಟು ದಿನದ ಹಿಂದೆ ಮನೆ ಹಿಂದಿನ ಧರೆ ಜರಿದಿತ್ತು.

ಕೊಡೆ ಹಿಡಿದುಕೊಂಡು ಹೋದೆವು. ಮಣ್ಣು ಬಚ್ಚಲಿನ ಗೋಡೆಗೆ ಇನ್ನು ನಾಲ್ಕು ಮಾರು ಇದೆ ಅನ್ನುವಾಗ ನಿಂತಿತ್ತು. ನಿಂತ ಅಂಚು ಮೊಣಕಾಲೆತ್ತರ, ಮೊಂಡು, ರಾಗಿ ಮುದ್ದೆಯ ಬದಿಯ ಹಾಗೆ ದುಂಡಗೆ. ತೆಳ್ಳಗಾಗುತ್ತಾ ಬಂದು ಮುಗಿದದ್ದಲ್ಲ, ಇದ್ದಕ್ಕಿದ್ದ ಹಾಗೆ ಮುಗಿದಿತ್ತು. ಮೇಲೆ ಒಂದು ಜಂಬಿಟ್ಟಿಗೆ ಕಲ್ಲು, ತೆಂಗಿನಕಾಯಿಯಷ್ಟು ದಪ್ಪದ್ದು, ಕೂತ ಹಾಗೆಯೇ ಕೂತಿತ್ತು. ಅದರ ಪಕ್ಕ ಒಂದು ಜರೀಗಿಡ ಬೇರು ಸಮೇತ ನೆಟ್ಟಗೆ ನಿಂತಿತ್ತು. ಅಷ್ಟು ಎತ್ತರದಿಂದ ಬಂದರೂ ಬುಡಮೇಲಾಗಿಲ್ಲ. ಗುದ್ದಲಿಯಿಂದ ಅಂಚನ್ನು ನೆಟ್ಟಗೆ ಕಡಿದು ನೋಡಿದೆವು. ಮೇಲಿಂದ ಕೆಳಗಿನ ತನಕ ಒಂದೇ ಕಲಸು. ದಪ್ಪ ಕೆಳಗೆ, ಸಣ್ಣ ಮೇಲೆ ಅನ್ನುವ ವಿಂಗಡಣೆಯೇ ಇಲ್ಲ. ತೀರಾ ಅಡಿಯಲ್ಲಿ ಎರಡು ಬೆರಳಿನಷ್ಟು ಮಾತ್ರ ತೀಡಿದ ಹಾಗೆ ನುಣ್ಣಗಾಗಿತ್ತು. ಅದರಡಿ ಹುಲ್ಲಿನ ಎಸಳುಗಳೆಲ್ಲ ಒಂದೇ ಕಡೆ ತಲೆ ಮಾಡಿ ಮಲಗಿದ್ದವು.

ಅಲ್ಲಿಂದ ಐವತ್ತು ಹೆಜ್ಜೆ ಕೆಳಗೆ ತೋಟ. ಅದೇ ವಾರ ಹಳ್ಳದ ನೀರು ಅಡಿಕೆ ತೋಟಕ್ಕೆ ನುಗ್ಗಿ ಇಳಿದಿತ್ತು. ಬಸಿಗಾಲುವೆಯ ಬದಿಯಲ್ಲಿ ಕತ್ತಿಯಿಂದ ಒಂದು ಹೋಳು ಕತ್ತರಿಸಿದೆ. ಕೆಳಗೆ ದಪ್ಪ ಮರಳು, ಮೇಲೆ ಸಣ್ಣ ಮರಳು, ಎಲ್ಲಕ್ಕಿಂತ ಮೇಲೆ ಕೆನೆಯ ಹಾಗೆ ಕೆಂಪು ರಾಡಿ. ಬೆರಳು ಇಟ್ಟರೆ ಎಲ್ಲಿ ಮರಳು ಮುಗಿದು ಎಲ್ಲಿ ರಾಡಿ ಶುರುವಾಯಿತು ಅಂತ ಹೇಳುವುದಕ್ಕೆ ಬರುತ್ತಿರಲಿಲ್ಲ. ಅಷ್ಟು ನಿಧಾನವಾಗಿ ಒಂದು ಇನ್ನೊಂದಾಗಿತ್ತು. ಅವಳು ಹತ್ತು ರೂಪಾಯಿ ನಾಣ್ಯ ಇಟ್ಟು ಅದರ ಫೋಟೋ ತೆಗೆದುಕೊಂಡಳು.

ಬಾವಿಯ ಕೋರ್‌ನಲ್ಲಿ ಹುಡುಕಬೇಕಾದ ವ್ಯತ್ಯಾಸ ಇಷ್ಟೇ. ಕಲಕಿದ ನೀರಿನಲ್ಲಿ ಕಣವನ್ನು ಎತ್ತಿ ಹಿಡಿಯುವುದು ಸುಳಿ. ಸುಳಿ ಸೋತ ಹಾಗೆ ಭಾರದ ಕಣ ಮೊದಲು ಇಳಿಯುತ್ತದೆ, ಹಗುರದ್ದು ಕೊನೆಗೆ. ಪದರದ ಮೇಲಂಚು ಮಸುಕಾಗುತ್ತದೆ. ಜಾರಿ ಬರುವ ಕಲಸಿನಲ್ಲಿ ಕಣವನ್ನು ಹಿಡಿದಿರುವುದು ಕಲಸಿನ ಗಟ್ಟಿತನವೇ. ಇಳಿಜಾರು ಕಡಿಮೆಯಾದ ಕೂಡಲೇ ಇಡೀ ರಾಶಿ ಒಟ್ಟಿಗೆ ನಿಂತುಬಿಡುತ್ತದೆ. ಕೆಸರಿನ ತುಂಡುಗಳು ತೇಲಿದ ಜಾಗದಲ್ಲೇ ಉಳಿಯುತ್ತವೆ. ಮೇಲಂಚು ಚಾಕುವಿನಿಂದ ಕೊಯ್ದ ಹಾಗೆ ಇರುತ್ತದೆ. ಸಮುದ್ರದ ಮರಳಿನ ಬಗ್ಗೆಯೂ ಈ ವಾದ ಜೋರಾಗಿ ನಡೆದಿದೆ. ‘ಹೆಚ್ಚು ಸಾಂದ್ರತೆಯ ಟರ್ಬಿಡಿಟಿ ಪ್ರವಾಹ’ ಅಂತ ಕರೆಯುವುದರಲ್ಲಿ ಬಹಳಷ್ಟು ನಿಜವಾಗಿ ಮರಳಿನ ಡೆಬ್ರಿಸ್ ಫ್ಲೋ, ಅಂದರೆ ಜಾರಿದ ಕಲಸು, ಅಂತ ಜಿ. ಶಣ್ಮುಗಂ 1996ರಲ್ಲಿ ಬರೆದರು. ಎಲ್ಲರೂ ಒಪ್ಪಲಿಲ್ಲ. ಆದರೆ ಆಮೇಲೆ ಕೋರ್ ನೋಡುವವರು ಪದರದ ಕೆಳಗನ್ನು ನೋಡಿದಷ್ಟೇ ಗಮನವಿಟ್ಟು ಮೇಲಂಚನ್ನೂ ನೋಡುವುದಕ್ಕೆ ಶುರು ಮಾಡಿದರು.

ಮರುದಿನ ಅಟ್ಟದಿಂದ ಹಳೆಯ ಮೀನಿನ ತೊಟ್ಟಿ ಇಳಿಸಿದೆವು. ಮೂರು ಅಡಿ ಉದ್ದದ ಗಾಜಿನ ತೊಟ್ಟಿ. ಒಂದು ಹಲಗೆಯನ್ನು ಓರೆಯಾಗಿಟ್ಟು ತಿಳಿ ನೀರು ತುಂಬಿಸಿದೆವು. ಹಳ್ಳದ ಕೆಂಪು ರಾಡಿಯನ್ನು ಅಳೆದು, ಲೀಟರಿಗೆ ಹತ್ತು ಗ್ರಾಂ ಮಣ್ಣು ಇರುವ ಹಾಗೆ ಕಲಸಿಟ್ಟಳು. ಮೊದಲ ಸಲ ಹೊಯ್ದಾಗ ರಾಡಿ ಮುಳುಗಲೇ ಇಲ್ಲ, ತಿಳಿ ನೀರಿನ ಮೇಲೆ ಹರಡಿಕೊಂಡಿತು. ಅವಳ ಮುಖ ಪೆಚ್ಚಾಯಿತು. ನಾನು ಬಕೆಟ್ ಮುಟ್ಟಿ ನೋಡಿದೆ. ಬಿಸಿ! ಮಳೆಗೆ ನೆನೆಯಬಾರದು ಅಂತ ಅದನ್ನು ಬಚ್ಚಲಲ್ಲಿ, ಹಂಡೆ ಒಲೆಯ ಪಕ್ಕ ಇಟ್ಟಿದ್ದಳು. ಬಿಸಿಯಾದ ನೀರು ಹಗುರ. ಅಷ್ಟು ಮಣ್ಣಿನ ಭಾರ ಅದನ್ನು ಮುಳುಗಿಸುವುದಕ್ಕೆ ಸಾಲಲಿಲ್ಲ.

ಆರಿಸಿ ಮತ್ತೆ ಹೊಯ್ದಳು. ಈಗ ಕೆಂಪು ನೀರು ಹಲಗೆಯನ್ನು ಅಪ್ಪಿಕೊಂಡು ಸೀದಾ ಕೆಳಗೆ ಇಳಿಯಿತು. ತಳ ಮುಟ್ಟಿ, ಮುಂದೆ ತಲೆ ಎತ್ತಿಕೊಂಡು, ತೊಟ್ಟಿಯ ಇನ್ನೊಂದು ಗಾಜಿಗೆ ಬಡಿಯುವ ತನಕ ಹೋಯಿತು. ಮೇಲಿನ ನೀರು ತಿಳಿಯಾಗಿಯೇ ಇತ್ತು. ‘ಮೇಡಂ, ಹಾವು ಹೋದ ಹಾಗೆ ಹೋಯ್ತು!’ ಅಂದಳು.

ಆಮೇಲೆ ತೊಟ್ಟಿ ಖಾಲಿ ಮಾಡಿ, ಹೊಸ ನೀರಿಗೆ ಮೂರು ಕೆ.ಜಿ. ಕಲ್ಲುಪ್ಪು ಕರಗಿಸಿದೆವು. ಸುಮಾರು ಸಮುದ್ರದ ಉಪ್ಪಿನಷ್ಟು ಆಗುತ್ತದೆ. ಅದೇ ಆರಿದ ರಾಡಿ, ಅದೇ ಚೊಂಬು. ಈ ಸಲ ತಣ್ಣಗಿದ್ದರೂ ಮುಳುಗಲಿಲ್ಲ, ಮೇಲೆಯೇ ತೇಲಿತು.

ಸರೋವರ ಮತ್ತು ಸಮುದ್ರದ ನಡುವಿನ ವ್ಯತ್ಯಾಸ ಇಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ಸಮುದ್ರದ ನೀರು ಉಪ್ಪಿನಿಂದ ಭಾರ. ಹೊಳೆಯ ನೀರು ಅದರಡಿಗೆ ನುಗ್ಗಬೇಕಾದರೆ ಒಂದು ಘನ ಮೀಟರಿಗೆ ಸುಮಾರು 36ರಿಂದ 43 ಕೆ.ಜಿ. ಮಣ್ಣು ಹೊತ್ತಿರಬೇಕು ಅಂತ ಮುಲ್ಡರ್ ಮತ್ತು ಸಿವಿಟ್‌ಸ್ಕಿ 1995ರಲ್ಲಿ ಲೆಕ್ಕ ಹಾಕಿದರು. ಅಷ್ಟು ರಾಡಿ ಎಲ್ಲ ಹೊಳೆಗೂ ಬರುವುದಿಲ್ಲ. ಸಿಹಿ ನೀರಿನ ಸರೋವರದಲ್ಲಿ ಅಷ್ಟೆಲ್ಲ ಬೇಕಿಲ್ಲ. ಸ್ವಲ್ಪ ಕೆಸರು, ಸ್ವಲ್ಪ ತಂಪು ಇದ್ದರೆ ಸಾಕು, ಪ್ರವಾಹದ ನೀರು ಮುಳುಗಿ ತಳ ಹಿಡಿಯುತ್ತದೆ. ಇದನ್ನು ಮೊದಲು ವಿವರವಾಗಿ ಗಮನಿಸಿದ್ದೂ ಸರೋವರದಲ್ಲೇ. ಜಿನೀವಾ ಸರೋವರಕ್ಕೆ ಬರುವ ರೋನ್ ನದಿಯ ತಣ್ಣನೆಯ ಕೆಸರು ನೀರು ತಳದಲ್ಲಿ ಕಣಿವೆಯಂಥ ದಾರಿ ಮಾಡಿಕೊಂಡಿದೆ ಅಂತ ಫೊರೆಲ್ 1885ರಲ್ಲೇ ಬರೆದಿದ್ದರು. ಅಮೆರಿಕದಲ್ಲಿ ಕೊಲರಾಡೊ ನದಿಗೆ ಹೂವರ್ ಅಣೆಕಟ್ಟು ಕಟ್ಟಿ 1935ರಲ್ಲಿ ನೀರು ನಿಲ್ಲಿಸಿದಾಗ, ಮೇಲೆ ಜಲಾಶಯ ತಿಳಿಯಾಗಿದ್ದರೂ ತಳದ ತೂಬಿನಿಂದ ಕೆಸರು ನೀರು ಬಂತು. ಹೊಳೆಯ ರಾಡಿ ತಳದಲ್ಲೇ ಮೈಲಿಗಟ್ಟಲೆ ಹರಿದು ಕಟ್ಟೆಯವರೆಗೆ ಬಂದಿತ್ತು.

ಅಂದರೆ ಆಳದ ಸರೋವರಕ್ಕೆ ಮರಳು ಹೋಗಲು ದಡ ಕುಸಿಯಲೇಬೇಕು ಅಂತಿಲ್ಲ. ಮಳೆಗಾಲದ ಒಂದು ಒಳ್ಳೆಯ ನೆರೆ ಬಂದರೂ ಆಗುತ್ತದೆ. ಹಳೆಯ ವರದಿಯವರು ಈ ಮೂರನೆಯ ದಾರಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಅವಳು ವಾಪಸ್ ಹೋದ ಮೇಲೆ ಹದಿನಾರು ದಿನ ಕೋರ್ ಉಗ್ರಾಣದಲ್ಲಿ ಕೂತಳು. ನಾನು ಹೇಳಿದ್ದು ಒಂದೇ. ಐದೈದು ಸೆಂಟಿಮೀಟರಿಗೆ ಲೆನ್ಸ್ ಮತ್ತು ಕಣಗಾತ್ರದ ಕಾರ್ಡ್ ಹಿಡಿದು ಅಳತೆ ಬರೆ, ಯಾವ ಪದರಕ್ಕೂ ಹೆಸರು ಬರೆಯಬೇಡ. ಹೆಸರಿನ ಕಾಲಂ ಖಾಲಿ ಇರಲಿ. ದಿನಾ ರಾತ್ರಿ ಅಂದಂದಿನ ಪುಟದ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿತ್ತು.

ಕೆಳಗಿನ ಪದರ 2.1 ಮೀಟರ್ ದಪ್ಪ. ಫೋಟೋದಲ್ಲಿ ಗ್ರೇಡಿಂಗ್ ಕಂಡಿದ್ದು ಇದೇ. ಲೆನ್ಸಿನಲ್ಲಿ ನೋಡಿದರೆ ತಳದಿಂದ ತುದಿಯವರೆಗೆ ಒಂದೇ ಸಣ್ಣ ಮರಳು, 0.125ರಿಂದ 0.25 ಮಿ.ಮೀ. ಒಳಗೆ. ಹಾಗಾದರೆ ಬಣ್ಣ? ಕೆಳಗಿನ ಅರ್ಧಕ್ಕೆ ತೈಲದ ಕಲೆ ಹಿಡಿದಿತ್ತು, ಮೇಲಿನ ಅರ್ಧಕ್ಕೆ ಸುಣ್ಣದ ಅಂಟು ತುಂಬಿಕೊಂಡು ತೈಲ ಹೊಕ್ಕಿರಲಿಲ್ಲ. ಕಲೆ ಮೆಲ್ಲಗೆ ತಿಳಿಯಾದದ್ದನ್ನು ಕಣ ಸಣ್ಣದಾದದ್ದು ಅಂತ ಓದಿದ್ದರು. ಫೋಟೋ ನೋಡಿ ಲಾಗ್, ಅಂದರೆ ಪದರ ಪದರದ ವಿವರಪಟ್ಟಿ, ಬರೆದರೆ ಆಗುವ ತಪ್ಪು ಇದು, ಮತ್ತು ಬಹಳ ಸುಲಭವಾಗಿ ಆಗುತ್ತದೆ.

ಮೇಲಂಚಿನಿಂದ ಮೂವತ್ತು ಸೆಂಟಿಮೀಟರ್ ಒಳಗೆ ಕಪ್ಪು ಕೆಸರಿನ ತುಂಡುಗಳು ಮರಳಿನಲ್ಲಿ ತೇಲಿದ ಹಾಗೆ ಇದ್ದವು. ದೊಡ್ಡದು ಆರು ಸೆಂಟಿಮೀಟರ್. ಎರಡು ತುಂಡು ನೆಟ್ಟಗೆ ನಿಂತಿದ್ದವು. ಒಂದರೊಳಗಿನ ಗೆರೆಗಳು ಮಡಚಿಕೊಂಡಿದ್ದವು, ಅಂದರೆ ಬರುವಾಗ ಅದು ಇನ್ನೂ ಮೆತ್ತಗಿತ್ತು. ಮೇಲಂಚು ಚೂಪು. ಅಡಿಯ ಎಂಟು ಸೆಂಟಿಮೀಟರ್ ತೀಡಿದ ಹಾಗಿತ್ತು.

‘ಧರೆ, ಮೇಡಂ!’ ಅಂತ ಆ ರಾತ್ರಿ ಬರೆದಳು.

ನಾನು ಅವಸರ ಬೇಡ ಅಂದೆ. ಗೆರೆಯಿಲ್ಲದ ಮರಳಿಗೆ ಬೇರೆ ಕಾರಣಗಳೂ ಇರುತ್ತವೆ. ಮೊದಲನೆಯದು, ಪದರ ಕೂತ ಮೇಲೆ ಒಳಗಿನ ನೀರು ಮೇಲಕ್ಕೆ ಚಿಮ್ಮಿ ಇದ್ದ ಗೆರೆಗಳನ್ನೆಲ್ಲ ಅಳಿಸಿರಬಹುದು. ಹಾಗಾದರೆ ತಟ್ಟೆಯಂತೆ ಬಾಗಿದ ಗುರುತು, ನೀರು ಹೋದ ಕೊಳವೆಯ ಗುರುತು ಉಳಿಯುತ್ತದೆ. ಎರಡು ಪೆಟ್ಟಿಗೆಗೆ ಸಿ.ಟಿ. ಸ್ಕ್ಯಾನ್ ಮಾಡಿಸಿದಳು, ಎರಡೂ ಸಿಗಲಿಲ್ಲ. ಎರಡನೆಯದು ಇನ್ನೂ ಮೋಸದ್ದು. ಒತ್ತಡಕ್ಕೆ ಮರಳೇ ಆಮೇಲೆ ಶೇಲ್‌ನ ಬಿರುಕಿಗೆ ನುಗ್ಗಿ ಕೂತಿರಬಹುದು. ಆಗಲೂ ಎರಡೂ ಅಂಚು ಚೂಪಾಗಿರುತ್ತವೆ, ಒಳಗೆ ಶೇಲ್ ತುಂಡುಗಳೂ ಇರುತ್ತವೆ. ಅದನ್ನು ಹೇಗೆ ಬೇರ್ಪಡಿಸುವುದು? ಮೇಲಿನ ಶೇಲ್‌ನ ಗೆರೆಗಳನ್ನು ನೋಡಬೇಕು. ನುಗ್ಗಿದ ಮರಳಾದರೆ ಗೆರೆಗಳನ್ನು ಕತ್ತರಿಸಿರುತ್ತದೆ. ಇಲ್ಲಿ ಮರಳಿನ ಮೇಲಂಚಿನಲ್ಲಿ ಒಂದು ಸಣ್ಣ ಉಬ್ಬು ಇತ್ತು. ಶೇಲ್‌ನ ಗೆರೆಗಳು ಆ ಉಬ್ಬಿನ ಮೇಲೆ ತೆಳ್ಳಗೆ, ಪಕ್ಕದ ತಗ್ಗಿನಲ್ಲಿ ದಪ್ಪಗೆ ಇದ್ದವು. ಮರಳು ಮೊದಲೇ ಅಲ್ಲಿ ಕೂತಿತ್ತು, ಕೆಸರು ಆಮೇಲೆ ನಿಧಾನವಾಗಿ ಅದರ ಮೇಲೆ ಬಿತ್ತು. ನನಗೆ ಈ ಇಡೀ ಕೋರ್‌ನಲ್ಲಿ ಅತಿ ಬೆಲೆಬಾಳುವ ಎರಡು ಸೆಂಟಿಮೀಟರ್ ಅಂದರೆ ಅದೇ. ಆಗ ಹೆಸರಿನ ಕಾಲಂನಲ್ಲಿ ‘ಮರಳಿನ ಡೆಬ್ರಿಸ್ ಫ್ಲೋ’ ಅಂತ ಬರೆಯಬಹುದು ಅಂದೆ.

ನಡುವಿನ ಭಾಗದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ನಾಲ್ಕರಿಂದ ಹದಿನೈದು ಸೆಂಟಿಮೀಟರ್‌ನ ತೆಳು ಪದರಗಳು. ಅಡಿ ಚೂಪು, ಕೆಳಗಿನ ಕೆಸರು ಬೆಂಕಿಯ ನಾಲಿಗೆಯ ಹಾಗೆ ಮೇಲಕ್ಕೆ ಚಾಚಿದೆ. ಕಣ ನಿಜವಾಗಿಯೂ ಮೇಲಕ್ಕೆ ಸಣ್ಣದಾಗುತ್ತದೆ, ನೇರ ಗೆರೆ, ಅಲೆಗೆರೆ, ಹೂಳು, ಕೆಸರು ಕ್ರಮವಾಗಿ ಬರುತ್ತವೆ. ಬೌಮಾ ಹೇಳಿದ ಹಾಗೆಯೇ ಇದೆ, ಬುಡದ ಭಾಗ ಮಾತ್ರ ಇಲ್ಲ. ಹಳೆಯ ವರದಿ ಇಲ್ಲಿ ಸರಿಯಾಗಿತ್ತು.

ಮೇಲಿನ 1.2 ಮೀಟರ್ ಅವಳನ್ನು ಮೂರು ದಿನ ಕಾಡಿತು. ಸಣ್ಣ ಮರಳಿನಿಂದ ಶುರುವಾಗಿ ಮಧ್ಯಮ ಮರಳಾಗಿ, ಮತ್ತೆ ಸಣ್ಣದಾಗುತ್ತಿತ್ತು. ನಡುವೆ ಒಂದು ಕಡೆ ಕೊರೆದ ಗುರುತು, ಆದರೆ ಅಲ್ಲಿ ಕೆಸರಿನ ಪದರ ಇಲ್ಲ. ಗೆರೆಗಳ ಮೇಲೆ ಎಲೆಯ ಚೂರು, ಇದ್ದಿಲಿನ ಚುಕ್ಕೆ, ಅಭ್ರಕ. ‘ಮೇಡಂ, ಇದು ತಲೆಕೆಳಗಾದ ಪದರದ ಮೇಲೆ ಸರಿಯಾದ ಪದರ ಇಟ್ಟ ಹಾಗಿದೆ. ಎರಡು ಘಟನೆಯಾ?’

ಉತ್ತರ ಅವಳ ಫೋನಿನಲ್ಲೇ ಇತ್ತು. ತೋಟದ ಬಸಿಗಾಲುವೆಯ ಫೋಟೋ ತೆಗೆದು ಹಿಗ್ಗಿಸಿ ನೋಡು ಅಂದೆ. ಅವತ್ತು ಮಳೆಯಲ್ಲಿ ನಾವಿಬ್ಬರೂ ಗಮನಿಸಿರಲಿಲ್ಲ. ಆಮೇಲೆ ಒಣಗಿದ ಹೋಳನ್ನು ನೋಡುವಾಗ ನನಗೆ ಕಂಡಿತ್ತು. ದಪ್ಪ ಮರಳಿನ ಅಡಿಯಲ್ಲಿ ಎರಡು ಬೆರಳಿನಷ್ಟು ಸಣ್ಣ ಮರಳು ಇತ್ತು. ನೆರೆ ಏರುವಾಗ ಮೊದಲು ಬಂದದ್ದು ಸಣ್ಣದು, ರಭಸ ಹೆಚ್ಚಾದಾಗ ದಪ್ಪದ್ದು, ಇಳಿಯುವಾಗ ಮತ್ತೆ ಸಣ್ಣದು. ಧರೆ ಜರಿಯುವುದು ಕ್ಷಣದ ಮಾತು. ನೆರೆ ಹಾಗಲ್ಲ, ದಿನಗಟ್ಟಲೆ ಏರುತ್ತದೆ, ಇಳಿಯುತ್ತದೆ, ನಡುವೆ ತನ್ನದೇ ಮರಳನ್ನು ತಾನೇ ಕೊರೆಯುತ್ತದೆ. ತಳ ಹಿಡಿದು ಹರಿದ ಹೊಳೆಯ ನೆರೆ ಸರೋವರದೊಳಗೂ ಇದೇ ಗುರುತು ಬಿಡುತ್ತದೆ. ಇದಕ್ಕೆ ಹೈಪರ್‌ಪಿಕ್ನೈಟ್ ಅನ್ನುತ್ತಾರೆ.

ಎಲೆಯ ಚೂರು ಇದೆ ಅಂದ ಮಾತ್ರಕ್ಕೆ ಹಾಗೆ ಹೇಳಬಾರದು. ಡೆಲ್ಟಾ ಕುಸಿದು ಬಂದರೂ ಎಲೆ ಬರುತ್ತದೆ. ಏರಿಳಿದ ಕಣ, ಒಳಗಿನ ಕೊರೆತ, ಎಲೆ ಈ ಮೂರೂ ಒಂದೇ ಪದರದಲ್ಲಿ ಸಿಕ್ಕಿದ್ದರಿಂದ ಧೈರ್ಯ ಬಂತು. ಕೊರೆತದ ಜಾಗದಲ್ಲಿ ಕೆಸರು ಇಲ್ಲದಿರುವುದೂ ಮುಖ್ಯ. ನಡುವೆ ನೀರು ನಿಂತಿದ್ದರೆ ಒಂದಿಷ್ಟಾದರೂ ಕೆಸರು ಕೂರಬೇಕಿತ್ತು. ಕೊರೆತವೇ ಅದನ್ನು ತೊಳೆದುಕೊಂಡು ಹೋಗಿರಬಹುದಲ್ವಾ ಅಂತ ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಹಾಗಾಗಿದ್ದರೆ ಕೊರೆತದ ಮೇಲಿನ ಮರಳಿನಲ್ಲಿ ಕೆಸರಿನ ಚೂರುಗಳು ಸಿಗಬೇಕು. ಹುಡುಕಿದಳು, ಇರಲಿಲ್ಲ.

ಚೀನಾದ ಒರ್ಡೋಸ್ ಪ್ರದೇಶದ ಕತೆಯನ್ನು ಅವಳಿಗೆ ಆಗ ಹೇಳಿದೆ. ಅಲ್ಲಿಯ ಯಾನ್‌ಚಾಂಗ್ ಶಿಲಾಸ್ತರ ಟ್ರಯಾಸಿಕ್ ಕಾಲದ, ಅಂದರೆ ಇಪ್ಪತ್ತು ಕೋಟಿ ವರ್ಷಕ್ಕೂ ಹಿಂದಿನ, ದೊಡ್ಡ ಸರೋವರದ್ದು. ಅದರ ಆಳದ ಮರಳುಗಲ್ಲುಗಳನ್ನು ಮೊದಲು ಟರ್ಬಿಡೈಟ್ ಅಂದರು. ಆಮೇಲೆ ಬಂದವರು ಹೆಚ್ಚಿನದು ಜಾರಿದ ಕಲಸು ಅಂದರು. ಅದರ ನಂತರ ಹೊಳೆಯ ನೆರೆಯ ಪಾಲೂ ಇದೆ ಅಂತ ತೋರಿಸಿದರು. ನನ್ನ ಮಟ್ಟಿಗೆ, ಇಡೀ ಸರೋವರಕ್ಕೆ ಒಂದೇ ಹೆಸರು ಹುಡುಕುವುದರಲ್ಲೇ ತೊಡಕಿದೆ. ಅವಳ ಒಂಬತ್ತು ಮೀಟರಿನಲ್ಲೇ ಮೂರೂ ಇದ್ದವಲ್ಲ.

ಒಂದು ಪದರ ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. ಐದನೆಯ ಪೆಟ್ಟಿಗೆಯಲ್ಲಿ, 34 ಸೆಂಟಿಮೀಟರ್. ಕೆಳಗಿನ ಅರ್ಧ ಶುಭ್ರ ಮರಳು, ಮೇಲಿನ ಅರ್ಧ ಕೆಸರು ಬೆರೆತ ಮರಳು, ಅದರಲ್ಲಿ ಶೇಲ್‌ನ ಚೂರು. ಮುಂದೆ ಕಲಕಿದ ನೀರು, ಅದರ ಬೆನ್ನಿಗೇ ಕಲಸು, ಹೀಗೆ ಒಂದೇ ಘಟನೆಯಲ್ಲಿ ಎರಡೂ ಬಂದಿರಬಹುದು. ಅಂಥವನ್ನು ಮಿಶ್ರ ಪದರ ಅನ್ನುತ್ತಾರೆ. ಬೇರೆ ಬೇರೆ ಎರಡು ಘಟನೆಗಳೂ ಆಗಿರಬಹುದು. ಎರಡರ ನಡುವಿನ ಅಂಚು ಇರುವ ಜಾಗದಲ್ಲೇ ಕೋರ್ ಒಡೆದು, ಮೂರು ಸೆಂಟಿಮೀಟರ್ ಪುಡಿಯಾಗಿತ್ತು.

ಹೊಸ ವರದಿಯ ಲಾಗ್‌ನಲ್ಲಿ ಮೂರು ಬಣ್ಣ ಬಂತು. ಕೆಳಗಿನ ದಪ್ಪ ಮರಳು ಇಳಿಜಾರಿನ ಬುಡದ ನಾಲಿಗೆ, ಅದನ್ನು ಚಾಪೆಯ ಹಾಗೆ ದೂರಕ್ಕೆ ಎಳೆದು ನಕ್ಷೆ ಬರೆಯಬಾರದು. ಮೇಲಿನದಕ್ಕೆ ಹಳೆಯ ಹೊಳೆಯ ಬಾಯಿ ಇರುವ ದಿಕ್ಕಿಗೆ ಹುಡುಕಬೇಕು. ಹೀಗೆ ಬರೆದಳು. ಅವಳ ಮೇಲಿನವರು ಫೋನ್ ಮಾಡಿ ಒಂದು ಗಂಟೆ ಪ್ರಶ್ನೆ ಕೇಳಿದರಂತೆ. ಪ್ರತಿ ಪ್ರಶ್ನೆಗೂ ಅವಳು ಪೆಟ್ಟಿಗೆ ಸಂಖ್ಯೆ, ಸೆಂಟಿಮೀಟರ್ ಹೇಳಿದಳಂತೆ. ಹಳೆಯ ನಕ್ಷೆಯ ಮೇಲೆ ಗುರುತು ಮಾಡಿದ್ದ ಮುಂದಿನ ಬಾವಿಯ ಜಾಗವನ್ನು ಸದ್ಯಕ್ಕೆ ತಡೆ ಹಿಡಿದಿದ್ದಾರೆ.

34 ಸೆಂಟಿಮೀಟರಿನ ಪದರದ ಎದುರಿಗೆ ಕಣಗಾತ್ರ, ಚೂರುಗಳ ಅಳತೆ, ಒಡೆದ ಜಾಗ ಎಲ್ಲ ಬರೆದಿದ್ದಾಳೆ. ಹೆಸರಿನ ಕಾಲಂ ಖಾಲಿ ಬಿಟ್ಟಿದ್ದಾಳೆ. ಪುಡಿಯಾದ ಮೂರು ಸೆಂಟಿಮೀಟರಿನ ಚೂರುಗಳನ್ನು ಅಂಟಿನಲ್ಲಿ ಕೂರಿಸಿ ಥಿನ್ ಸೆಕ್ಷನ್, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡುವುದಕ್ಕೆ ತೆಳ್ಳಗೆ ಅರೆದ ಹೋಳು, ಮಾಡಿಸುವುದಕ್ಕೆ ಕೊಟ್ಟಿದ್ದಾಳಂತೆ.